ಯಲ್ಲೇಶನ ಮನ್ಯಾಗ ಕೂಸು ಅತ್ತಿತ್ತು

ಗೊಂಬೆಯ ಹೊಟ್ಟೆಯೊಳಗಿನ, ದನಿ ಹೊರಡಿಸುವ ಪುಟ್ಟ ತಿದಿ ಸರಿಯಾದದ್ದೇ ತಪ್ಪಾಯಿತು.

ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಪಾಕೀಟು ತುಂಬುವ ಯಲ್ಲೇಶನಿಗೆ ಹಳೇ ಗೊಂಬೆಗಳ ಹುಚ್ಚು. ಗುಜರಿಯಲ್ಲಿ ಕೈ ಮುರಿದ ಗೊಂಬೆ ಕಂಡರೆ ಊಟ ಸೇರುತ್ತಿರಲಿಲ್ಲ. ಮನೆಗೆ ತಂದು ಕೈ ಕೂಡಿಸಿ, ಬಣ್ಣ ಹಚ್ಚಿ, ಕಪಾಟಿನಲ್ಲಿ ಕೂರಿಸಿದ ಮೇಲೆಯೇ ಸಮಾಧಾನ. ಲಗ್ನವಾಗಿರಲಿಲ್ಲ. ಹೆಣ್ಣು ನೋಡಲು ಹೋಗಿ ಹುಡುಗಿಯನ್ನು ಬಿಟ್ಟು ಶೋಕೇಸಿನ ಗೊಂಬೆ ನೋಡಿ ಬಂದವನೆಂದು ಓಣಿಯಲ್ಲಿ ಹೆಸರಾಗಿದ್ದ.

ಈ ಸಲ ಬ್ಯಾಡಗಿಯ ಕುಲ್ಸುಮಬಿ ಎಂಬ ಹಿರಿಯ ಹೆಂಗಸು ತಮ್ಮ ಗೊಂಬೆಯನ್ನು ಹಳೇ ಸೀರೆಯಲ್ಲಿ ಸುತ್ತಿ ಕೊಟ್ಟುಹೋಗಿದ್ದರು. ಅವರ ಅಪ್ಪ ಮುಂಬಯಿಯ ಹಳೇ ಸಾಮಾನಿನ ಬಜಾರಿನಲ್ಲಿ ಕೊಂಡ ಪಿಂಗಾಣಿ ಮುಖದ ವಿಲಾಯತಿ ಗೊಂಬೆ. ಒಂದು ಕಾಲಕ್ಕೆ ಮಲಗಿಸಿದರೆ ಕಣ್ಣು ಮುಚ್ಚಿ, ಎತ್ತಿದರೆ ಕಣ್ಣು ತೆರೆದು ‘ಮಮ್ಮಾ’ ಅನ್ನುತ್ತಿತ್ತಂತೆ. ಈಗ ನೋಟವೂ ಇಲ್ಲ, ಮಾತೂ ಇಲ್ಲ. ಒಯ್ಯಲು ಅವರು ಬರುವುದು ಈ ಭಾನುವಾರ ಸಂಜೆ.

ಆ ಭಾನುವಾರ ಮುಂಜಾನೆ ಯಲ್ಲೇಶ ಕಣ್ಣಿನ ಹಿಂದೆ ತೂಗಿ ರೆಪ್ಪೆ ಆಡಿಸುವ ಸೀಸದ ಗುಂಡಿಗೆ ಹಿಡಿದ ಜಿಡ್ಡು ತೆಗೆದು, ಹರಿದ ತಿದಿಗೆ ತೆಳ್ಳನೆಯ ಚರ್ಮ ಅಂಟಿಸಿ, ಉಸಿರು ಹಿಡಿದು ಗೊಂಬೆಯನ್ನು ಎತ್ತಿದ. ರೆಪ್ಪೆಗಳು ಮೆಲ್ಲಗೆ ಮೇಲೆದ್ದವು. ಎರಡು ನೀಲಿ ಕಣ್ಣು ನಿದ್ದೆ ತಿಳಿದು ಎದ್ದಂತೆ ಅವನನ್ನೇ ನೋಡಿದವು.

“ಮಮ್ಮಾ...”

ಯಲ್ಲೇಶನ ಮೈ ಜುಮ್ಮೆಂದಿತು. ಮಲಗಿಸಿದ, ಎತ್ತಿದ, ಮತ್ತೆ ಮಲಗಿಸಿದ, ಎತ್ತಿದ. ಅದು ಕರೆದಾಗಲೆಲ್ಲ ಅವನು “ಓ” ಅಂದ.

ಪಕ್ಕದ ಮನೆಯ ಹೊಳಿಯವ್ವ ಗೋಡೆಗೆ ಕಿವಿಗೊಟ್ಟೇ ಅರ್ಧ ಓಣಿಯ ಸುದ್ದಿ ತಿಳಿದವಳು. ರೊಟ್ಟಿಯನ್ನು ಹಂಚಿನ ಮೇಲೇ ಬಿಟ್ಟು ಬೀದಿಗೆ ಓಡಿದಳು.

“ಯಲ್ಲೇಶನ ಮನ್ಯಾಗ ಕೂಸು ಅಳಾಕತ್ತೈತಿ! ಲಗ್ನಿಲ್ಲ, ಹೆಂಡ್ತಿಲ್ಲ, ಕೂಸು ಎಲ್ಲಿಂದ ಬಂತು?”

ಸುದ್ದಿ ಮೆಣಸಿನಕಾಯಿ ಘಾಟಿನಂತೆ ಹಬ್ಬಿತು. ಆಟೋ ಓಡಿಸುವ ಹುಲಿಗೇಶ ಸವಾರಿ ಬಿಟ್ಟು ಬಂದ. ಯಲ್ಲೇಶ ಬಾಗಿಲು ತೆರೆದರೆ ಕಟ್ಟೆಯ ತುಂಬ ಜನ.

“ಕೂಸಲ್ಲ ದೊಡ್ಡವ್ವಾ, ಗೊಂಬಿ!”

“ಗೊಂಬಿ ಅಳತೈತೇನೋ? ತಾಯಿ ಯಾರಂತ ಹೇಳಿಬಿಡಪಾ, ನಾವ ನಿಂತು ಲಗ್ನ ಮಾಡ್ತೇವಿ,” ಎಂದು ಹೊಳಿಯವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅದು ಬ್ಯಾಡಗಿ ಕುಲ್ಸುಮಬಿಯವರದು!” ಯಲ್ಲೇಶ ಗಾಬರಿಯಲ್ಲಿ ಅಂದುಬಿಟ್ಟ.

“ಅಬಬಾ, ಬ್ಯಾಡಗಿತನಕ ಮುಟ್ಟೈತಿ!” ಹುಲಿಗೇಶ ತಲೆಯ ಮೇಲೆ ಕೈಯಿಟ್ಟುಕೊಂಡ.

ಬೇರೆ ದಾರಿಯಿಲ್ಲದೆ ಯಲ್ಲೇಶ ಗೊಂಬೆಯನ್ನು ಹೊರಗೆ ತಂದು ಎಲ್ಲರೆದುರು ಎತ್ತಿ ಹಿಡಿದ. ರೆಪ್ಪೆ ತೆರೆದವು. “ಮಮ್ಮಾ...”

ಹುಲಿಗೇಶನ ಬೀಡಿ ಬೆರಳು ಸುಡುತ್ತಿದ್ದರೂ ಅವನಿಗೆ ಗೊತ್ತಾಗಲಿಲ್ಲ. ಹೊಳಿಯವ್ವನ ಕೈಗಳು ತಾವಾಗಿಯೇ ಜೋಡಿದವು.

“ಜೀವ ಹೆಂಗ ತುಂಬಿದ್ಯೋ ಯಪ್ಪಾ?” ಅವಳ ದನಿ ಪಿಸುಗುಟ್ಟುವಷ್ಟು ಸಣ್ಣಗಾಗಿತ್ತು.

ಆ ಮಾತಿಗೆ ಯಲ್ಲೇಶ ಉಬ್ಬಿಹೋದ. ಅದರ ನಡುವೆಯೇ ಯಾರೋ ಗೊಂಬೆಯನ್ನು ಕೈಯಿಂದ ತೆಗೆದುಕೊಂಡಿದ್ದರು. ಅದು ಉಡಿಯಿಂದ ಉಡಿಗೆ, ಮನೆಯಿಂದ ಮನೆಗೆ ಹೊರಟಿತು. ಕರುವಿನ ಹಿಂದೆ ಬಿದ್ದ ಆಕಳಿನಂತೆ ಯಲ್ಲೇಶ “ಸಾವಕಾಶ್ರೀ, ಸಾವಕಾಶ್ರೀ” ಎನ್ನುತ್ತ ಬಿಸಿಲಲ್ಲಿ ಅಲೆದ. ಕಡೆಗೆ ಸಂಜೆ ಕೈಗೆ ಸಿಕ್ಕಾಗ ಪಿಂಗಾಣಿ ಗಲ್ಲದ ಮೇಲೆ ಮೆಣಸಿನ ಕಾಳಿನಷ್ಟು ದಪ್ಪ ಕಾಡಿಗೆಯ ಬೊಟ್ಟು!

“ಇಷ್ಟ ಮಂದಿ ಕಣ್ಣು ಬಿದ್ದೈತಿ. ದೃಷ್ಟಿ ಆಗಬಾರ್ದಂತ ನಾನ ಇಟ್ಟೇನಿ,” ಅಂದಳು ಹೊಳಿಯವ್ವ.

ಯಲ್ಲೇಶ ಅಂಗಿಯ ತುದಿಯನ್ನು ಗಲ್ಲದ ಹತ್ತಿರ ಒಯ್ದು ತಡೆದ. ಒರೆಸಿದರೆ ಕಾಡಿಗೆ ಪಿಂಗಾಣಿಯ ಸಣ್ಣ ಬಿರುಕಿಗೆ ಇಳಿಯುತ್ತದೆ, ಬಿಟ್ಟರೆ ಮರ್ಯಾದೆ ಹೋಗುತ್ತದೆ. ಅಷ್ಟರಲ್ಲೇ ಓಣಿಯ ಬಾಯಲ್ಲಿ ಆಟೋ ನಿಂತು ಕುಲ್ಸುಮಬಿ ಇಳಿದರು.

ಅವರು ಗೊಂಬೆಯನ್ನು ಎತ್ತಿಕೊಂಡರು. ಅದು ಕಣ್ಣು ತೆರೆದು ಕರೆಯಿತು. ಆ ವಯಸ್ಸಾದ ಮುಖ ಸಣ್ಣ ಹುಡುಗಿಯ ಮುಖವಾದದ್ದನ್ನು ಎಲ್ಲರೂ ಕಂಡರು. ಆಮೇಲೆ ಅವರ ಬೆರಳು ಗಲ್ಲದ ಮೇಲೆ ನಿಂತಿತು.

“ಈ ಬೊಟ್ಟು ಯಾರ ಇಟ್ಟೋರು?”

“ತಪ್ಪಾತ್ರಿ ಅಮ್ಮಾರ,” ಯಲ್ಲೇಶ ತೊದಲಿದ, “ನಮ್ಮ ಹೊಳಿಯವ್ವ ತಿಳೀದ...”

“ನಜರ್ ಆಗಬಾರ್ದಂತ ನಮ್ಮ ಅಮ್ಮೀನೂ ಇಲ್ಲೇ ಇಡತಿದ್ಳು. ನಾ ತಂದುಕೊಟ್ಟಾಗ ಮಸಕಮಸಕ ಉಳದಿತ್ತು. ಈಗ ನೋಡ್ರಿ, ಆವಾಗಿನಂಗ ಎದ್ದು ಕಾಣಾಕತ್ತೈತಿ!”

ಗೊಂಬೆ ಕೈಗೆ ಬಂದ ಮರುದಿನವೇ ಆ ಕಪ್ಪು ಕಲೆಯನ್ನು ಹೊಲಸು ಎಂದುಕೊಂಡು, ಹತ್ತಿಯಲ್ಲಿ ತಿಕ್ಕಿ ತಿಕ್ಕಿ ತೆಗೆದವನು ಯಲ್ಲೇಶನೇ.

ಕುಲ್ಸುಮಬಿ ಹೊಳಿಯವ್ವನ ಎರಡೂ ಕೈ ಹಿಡಿದುಕೊಂಡರು. “ಖರೇ ರಿಪೇರಿ ಮಾಡಿದೋರು ನೀವ್ರಿ.”

“ಕಣ್ಣು, ಧ್ವನಿ ನಾನು...” ಎಂದ ಯಲ್ಲೇಶನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಕುಲ್ಸುಮಬಿ ಚೀಲದಿಂದ ಇನ್ನೊಂದು ಗೊಂಬೆ ತೆಗೆದು ಹೊಳಿಯವ್ವನ ಉಡಿಯಲ್ಲಿಟ್ಟರು. “ಇದು ನನ್ನ ತಂಗಿ ಹಾಜಿರಾಬಿಂದು. ನಿಮ್ಮ ಕೈಲೇನ ಆಗಬೇಕು.”

“ಬಿಟ್ಟು ಹೋಗ್ರಿ. ಮುಂದಿನ ಐತವಾರ ಬರ್ರಿ,” ಎಂದ ಹೊಳಿಯವ್ವ, ಅವರನ್ನು ಆಟೋ ಹತ್ತಿಸಿ ಬಂದು ನೆಟ್ಟಗೆ ಯಲ್ಲೇಶನ ಮನೆ ಹೊಕ್ಕು, ಅವನದೇ ಕುರ್ಚಿಯಲ್ಲಿ ಕೂತಳು. ಗೊಂಬೆಯ ಕುತ್ತಿಗೆಯನ್ನು ಅತ್ತಿತ್ತ ತಿರುವಿ ನೋಡಿ ನಿಟ್ಟುಸಿರಿಟ್ಟಳು.

“ಕೂಸಿನ ಕುತ್ತಿಗಿ ಸಡ್ಲಾಗೈತಿ. ಏ ಯಲ್ಲೇಶಾ, ಆ ಸಣ್ಣ ಚಿಮಟಾ ಕೊಡು. ಮೊದಲ ಕೈ ತೊಳಕೊಂಡು ಬಾ!”