ಪಾ. ಸಹಿತ

ಬೈಲಹೊಂಗಲದ ತ್ರ್ಯಂಬಕರಾಯರ ಮನೆಯ ಬಚ್ಚಲಿನಲ್ಲಿ ಒಂದು ಕಲ್ಲು ಒಂದಂಗುಲ ಕುಸಿದಿತ್ತು. ಗುರುವಾರ ಅವರ ತಾಯಿ ಗಂಗೂಬಾಯಿ ಅದರ ಮೇಲೆ ಜಾರಿ ಬಿದ್ದರು. ಪೆಟ್ಟು ಹೆಚ್ಚಾಗಲಿಲ್ಲ, ಸಿಟ್ಟು ಹೆಚ್ಚಾಯಿತು.

“ಇನ್ನ ಈ ಬಚ್ಚಲದಾಗ ಕಾಲಿಡಂಗಿಲ್ಲ ನಾ. ಜಳಕಿಲ್ಲದ ಮಡಿ ಇಲ್ಲ, ಮಡಿ ಇಲ್ಲದ ಪೂಜಿ ಇಲ್ಲ, ಪೂಜಿ ಇಲ್ಲದ ಊಟಿಲ್ಲ. ಸೋಮವಾರದೊಳಗ ಗೌಂಡಿ ಬಂದು ಕೆಲಸಾ ಹಿಡೀಲಿಲ್ಲಂದ್ರ, ಮೊದಲನೇ ಬಸ್ಸಿಗೆ ಸವದತ್ತಿಗೆ ತಾರಾನ ಮನಿಗೆ ಹೋಗಾಕಿ!”

ತಾರಾಬಾಯಿ ರಾಯರ ತಂಗಿ. ತಾಯಿ ಮುನಿಸಿಕೊಂಡು ಮಗಳ ಮನೆ ಸೇರಿದರೆ ಓಣಿಯಲ್ಲಿ ತಲೆಯೆತ್ತುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ, ಮೂರು ದಿನದಿಂದ ಹಾಲು ಬಾಳೆಹಣ್ಣಿನ ಮೇಲಿರುವ ತಾಯಿಯ ಮುಂದೆ ರಾಯರಿಗೆ ತುತ್ತು ಇಳಿಯುತ್ತಿರಲಿಲ್ಲ. ಅವರ ಹೆಂಡತಿ ನರ್ಮದಾ ಕೂಡ ಅತ್ತೆಯ ಕಣ್ಣಿಗೆ ಬೀಳದ ಹಾಗೆ ಅಡುಗೆಮನೆಯ ಮೂಲೆಯಲ್ಲಿ ಕುಳಿತು ಉಣ್ಣುತ್ತಿದ್ದಳು.

ಭಾನುವಾರ ಬೆಳಿಗ್ಗೆ ರಾಯರು ಮೂವರು ಗೌಂಡಿಗಳ ದರದ ಚೀಟಿಗಳನ್ನು ಪಡಸಾಲೆಯಲ್ಲಿ ಹರಡಿಕೊಂಡು ಕುಳಿತರು. ಕಚೇರಿಯಲ್ಲಿ ಇಪ್ಪತ್ತು ವರ್ಷ ಕಾಗದ ಓದಿದ ಮನುಷ್ಯ. ಆದರೂ ಈ ಮೂರನ್ನು ಹೋಲಿಸುವುದೆಂದರೆ ಎತ್ತು, ಎಮ್ಮೆ, ಕುರಿಗಳನ್ನು ಒಂದೇ ನೊಗಕ್ಕೆ ಹೂಡಿದಂತಾಯಿತು.

ರಾಮಲಿಂಗಪ್ಪನದು ಮಾಲು, ಮಜೂರಿ ಕೂಡಿ ಆರುನೂರಾ ನಲವತ್ತು ರೂಪಾಯಿ; ಕಿತ್ತ ಹಳೆಯ ಕಲ್ಲೆಲ್ಲ ಅವನಿಗೇ. ವೀರಪ್ಪನದು ಚೌಕ ಫೂಟಿನ ಲೆಕ್ಕ: ಫರಸಿ ಕಲ್ಲಿಗೆ ಫೂಟಿಗಿಷ್ಟು, ಗೋಡೆಯ ಗಿಲಾವಿಗೆ ಫೂಟಿಗಿಷ್ಟು, ಉಸುಕು ಗಾಡಿಗಿಷ್ಟು. ಒಟ್ಟು ಎಷ್ಟೆಂದು ಅವನು ಬರೆದಿರಲಿಲ್ಲ. ರಾಯರು ಅಳೆದು ಕೂಡಿಸಿದಾಗ ಮೊದಲ ಸಲ ಐನೂರು ಬಂತು, ಎರಡನೆಯ ಸಲ ಒಂಬೈನೂರು. ಎರಡನೆಯ ಸಲ ಪಕ್ಕದ ಮನೆಯ ದೇವಕ್ಕನ ಗೋಡೆಯನ್ನೂ ಅಳೆದುಬಿಟ್ಟಿದ್ದರು.

ಮೂರನೆಯದು ಹೂಲಿಯ ದುಂಡಪ್ಪನದು. ಶನಿವಾರ ಬಂದು ಬಚ್ಚಲು ನೋಡಿ, ಓಡಿ ಬಸ್ಸು ಹಿಡಿಯುವ ಮೊದಲು ಒಂದು ತಿಕೀಟಿನ ಹಿಂದೆ ಗೀಚಿ ಕೊಟ್ಟಿದ್ದ: “ಪೂರಾ ಬಚ್ಚಲಾ. ಪಾ. ಸಹಿತ. ರೂ. ೨೭೫.” ಒಪ್ಪಿಗೆಯಾದರೆ ಭಾನುವಾರ ಮಧ್ಯಾಹ್ನದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದರೆ ಸಂಜೆಗೇ ಬರುವುದಾಗಿ ಹೇಳಿದ್ದ.

ರಾಮಲಿಂಗಪ್ಪನ ದರದ ಅರ್ಧಕ್ಕಿಂತ ಕಡಿಮೆ! ಆದರೆ ಈ “ಪಾ.” ಏನು?

“ಪಾಯಾ ಇರಬೇಕು,” ಎಂದರು ರಾಯರು. “ಅಡಿಪಾಯಾ ತಗದು ಕಟ್ತಾನ.”

“ಪಾವಟಿಗಿ,” ಎಂದರು ಗಂಗೂಬಾಯಿ. “ಇಳ್ಯಾಕ ಎರಡು ಪಾವಟಿಗಿ ಮಾಡಪಾ ಅಂತ ನಾನಽ ಅವಗ ಹೇಳೀನಿ. ಬಡವ ಆದ್ರೂ ಮಾತು ನೆನಪಿಟ್ಟಾನ.”

ಎದುರು ಮನೆಯ ನಿವೃತ್ತ ಮಾಸ್ತರ ವೆಂಕಣ್ಣ ಕರೆಯದೆಯೇ ಬಂದು, ತಿಕೀಟನ್ನು ಬೆಳಕಿಗೆ ಹಿಡಿದು ನೋಡಿದರು.

“ಪಾಯಪ್ಪು, ತ್ರ್ಯಂಬಕಾ. ನಳದ ಪಾಯಪ್ಪು. ಇದರಾಗ ತಿಳೀಲಾರದ್ದು ಏನದ?”

“ಬಚ್ಚಲಕ್ಕ ನಳಾನ ಇಲ್ಲಲ್ಲರಿ ಮಾಸ್ತರ?”

“ಅದಕ್ಕಽ ಹಾಕತಾನ!”

ಅಷ್ಟರಲ್ಲಿ ಗಂಗೂಬಾಯಿಗೆಂದು ತಾಜಾ ಮಜ್ಜಿಗೆ ತಂದ ದೇವಕ್ಕ, ಬಾಗಿಲಲ್ಲೇ ನಿಂತು ತನ್ನ ಅಭಿಪ್ರಾಯವನ್ನೂ ಕೊಟ್ಟಳು. “ಯಪ್ಪಾ, ಈಗೆಲ್ಲಾ ಪ್ಯಾಟಿ ಮಂದಿ ಬಚ್ಚಲಾ, ಪಾಯಖಾನಿ ಕೂಡೇ ಕಟ್ಟಸ್ತಾರಂತ. ಪಾ ಅಂದ್ರ ಪಾಯಖಾನಿ ನೋಡ್ರಿ.”

ಗಂಗೂಬಾಯಿ ಮಜ್ಜಿಗೆ ತಂಬಿಗೆಯನ್ನು ಠಣ್ ಎಂದು ಕೆಳಗಿಟ್ಟರು.

“ದೇವರ ಮನೀ ಗ್ವಾಡಿಗೆ ಹತ್ತಿ ಪಾಯಖಾನಿ? ತ್ರ್ಯಂಬಕಾ! ನನ್ನ ಗಂಟು ಕಟ್ಟು. ಸೋಮವಾರ ಯಾಕ, ಇವತ್ತಽ ಹೋಗತೀನಿ!”

ತಿಕೀಟು ಕೈಯಲ್ಲಿ ಹಿಡಿದು ರಾಯರು ಬಸ್ ಸ್ಟ್ಯಾಂಡಿಗೆ ಓಡಿದರು. ಬಸ್ಸು ಆಗಲೇ ಗುರುಗುಟ್ಟುತ್ತಿತ್ತು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದಿದ್ದ.

“ಹೂಲಿ ದುಂಡಪ್ಪಗ ಕೇಳ್ರಿ,” ಎಂದರು ರಾಯರು ಏದುಸಿರು ಬಿಡುತ್ತ. “ಪಾ ಅಂದ್ರ ಏನಂತ ಕೇಳ್ರಿ. ಪಾಯಾ ಆದ್ರ ಬರಲಿ, ಪಾವಟಿಗಿ ಆದ್ರ ಬರಲಿ, ಪಾಯಪ್ಪು ಆದ್ರೂ ಬರಲಿ. ಪಾಯಖಾನಿ ಆದ್ರ ಬ್ಯಾಡ.”

“ರಾಯರ, ನಾ ತಿಕೀಟು ಹರಿಯಾಂವೊ, ಒಗಟಾ ಬಿಡಸಾಂವೊ?” ಎಂದ ಕಂಡಕ್ಟರ್. ಆದರೆ ರಾಯರ ಮುಖ ನೋಡಿ ಅವನಿಗೆ ಕನಿಕರ ಬಂತು. ಸೀಟಿ ಊದಲು ಎತ್ತಿದ ಕೈ ಇಳಿಸಿ, “ಸಣ್ಣದ ಮಾಡಿ ಹೇಳ್ರಿ, ಮುಟ್ಟಸ್ತೇನಿ,” ಎಂದ.

“ಪಾಯಖಾನಿ ಬಿಟ್ಟು ಏನಿದ್ರೂ ನಡೀತದ. ಬಂದುಬಿಡು ಅಂತ ಹೇಳ್ರಿ.”

“ಹಿಂಗ ಹೇಳ್ರೆಲಾ ಮತ್ತ!” ಬಸ್ಸು ಧೂಳೆಬ್ಬಿಸಿ ಹೋಯಿತು.

ಮಗ ಊರ ಮುಂದೆ ನಿಂತು ಪಾಯಖಾನೆ ಬೇಡವೆಂದು ಕೂಗಿ ಬಂದನೆಂದು ತಿಳಿದ ಮೇಲೆ ಗಂಗೂಬಾಯಿ ಗಂಟನ್ನು ಅರ್ಧ ಬಿಚ್ಚಿದರು. ಇನ್ನರ್ಧ ಗೌಂಡಿಯ ಮುಖ ನೋಡಿದ ಮೇಲೆ.

ಸಂಜೆ ಐದಕ್ಕೆ ದುಂಡಪ್ಪ ಬಂದ. ರಾಯರು ಸಂತೋಷದಿಂದ ಬಾಗಿಲಿಗೆ ಓಡಿದರು. ಅವನ ಹಿಂದೆ ಹೆಂಡತಿ ಯಲ್ಲವ್ವ. ಅವಳ ಹಿಂದೆ ಅವಳ ಅಪ್ಪ, ತಲೆಯ ಮೇಲೆ ಹಾಸಿಗೆಯ ಸುರುಳಿ. ಅವನ ಹಿಂದೆ ಯಲ್ಲವ್ವನ ಅವ್ವ ಮಾಯವ್ವ, ಕೈಯಲ್ಲಿ ರೊಟ್ಟಿ ಹಂಚು. ಅವಳ ಹಿಂದೆ ಹಾರೆ ಹೊತ್ತ ಇಬ್ಬರು ಗಟ್ಟಿ ಆಳುಗಳು, ಯಲ್ಲವ್ವನ ತಮ್ಮಂದಿರು. ಎಲ್ಲರ ಹಿಂದೆ ಒಂದು ಆಡು.

“ಇವ್ರೆಲ್ಲಾ ಯಾರೋ ದುಂಡಪ್ಪಾ?”

“ಪಾವಣ್ಯಾರು ರೀ!”

“ಯಾರ ಪಾವಣ್ಯಾರು?”

“ನನ್ನ ಬೀಗರು ರೀ, ಹೇಣ್ತಿ ಕಡೀ ನೆಂಟರು. ಚೀಟಿ ಮ್ಯಾಗ ಬರದಿದ್ನೆಲ್ಲರಿ, ಪಾ ಸಹಿತ ಅಂತ? ಪರ ಊರಿನ ಕೆಲಸಕ್ಕ ನಾ ಪಾವಣ್ಯಾರ ಸಹಿತನ ಬರೂದು. ನಿಮ್ಮ ಪಡಸಾಲಿಯೊಳಗ ಇರತೇವಿ. ಜ್ವಾಳಾ, ಬ್ಯಾಳಿ ನಿಮ್ಮದು, ಅಡಗಿ ನಮ್ಮತ್ತಿದು. ಅದಕ್ಕನ ಅಷ್ಟು ಸೋವಿ. ಇದು ತಿಕೀಟಿನ ಮ್ಯಾಗ ಹಿಡೀತಿರಲಿಲ್ಲ ನೋಡ್ರಿ.”

“ಅಲ್ಲೋ, ನಾ ಕಂಡಕ್ಟರಗ—”

“ಅಂವಾ ಹೇಳಿದ್ನಲ್ಲರಿ! ಪಾಯಖಾನಿ ಬಿಟ್ಟು ಏನಿದ್ರೂ ನಡೀತದಂತ. ನಮ್ಮ ಮಾವಗ ಅದನ್ನ ಕೇಳಿ ಕಣ್ಣಾಗ ನೀರು ಬಂದ್ವು. ಇಂಥಾ ಮನಿ ಸಿಗೂದಿಲ್ಲ ಅಂದ.”

ರಾಯರು ಬೇಡವೆನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಹಿತ್ತಲಿನಿಂದ ಧಡಾರ್ ಎಂಬ ಸದ್ದು ಬಂತು. ಯಲ್ಲವ್ವನ ತಮ್ಮಂದಿರು ಹೊತ್ತು ಮುಳುಗುವುದರೊಳಗೆ ಮುಹೂರ್ತ ಮಾಡೋಣವೆಂದು ಬಚ್ಚಲಿನ ಗೋಡೆಯನ್ನು ಕೆಡವಿಬಿಟ್ಟಿದ್ದರು. ಛಾವಣಿ ಒಂದು ಸಲ ಯೋಚಿಸಿ, ತಾನೂ ಗೋಡೆಯ ಹಿಂದೆ ಹೋಯಿತು.

ಇನ್ನು ಅವ್ವ ಗಂಟು ಹೊತ್ತು ನಡೆಯುವುದೇ ಸರಿ ಎಂದು ಹೆದರಿ ರಾಯರು ಅರ್ಧ ತಾಸು ತಡೆದು ಹಿತ್ತಲಿಗೆ ಹೋದರೆ, ಅಲ್ಲಿ ಬೇರೆಯೇ ನೋಟ. ಮೂರು ಕಲ್ಲಿನ ಮೇಲೆ ಹಂಡೆ ಏರಿತ್ತು. ನಾಲ್ಕು ಕೋಲಿಗೆ ದೇವಕ್ಕ ತನ್ನ ಎರಡು ಸೀರೆ ಕಟ್ಟಿ ಮರೆ ಮಾಡಿದ್ದಳು. ಮಾಯವ್ವ ಗಂಗೂಬಾಯಿಯ ಮೊಳಕೈ ಹಿಡಿದು, ಪುಟ್ಟ ಹೆಜ್ಜೆ ಇಡಿಸುತ್ತ, ಮಣೆಯ ಮೇಲೆ ಕೂಡಿಸುತ್ತಿದ್ದಳು.

“ಮೂರು ದಿನಾ ಆತಂತಲ್ಲ ಯವ್ವಾ, ಜಳಕಿಲ್ಲದ? ಸವಕಾಶ ಕುಂತ್ರಿ. ಬೆನ್ನಾ ತಿಕ್ಕತೇನಿ.”

“ನೀರು ನೀ ಹಾಕು ಮಾಯವ್ವಾ. ಕಡೀ ತಂಬಿಗಿ ಮಾತ್ರ ನಾನಽ ಹಾಕ್ಕೋತೀನಿ. ಮಡಿ ಅದರಾಗ ಬರತದ,” ಎಂದರು ಗಂಗೂಬಾಯಿ. ಆಮೇಲೆ ಬಹಳ ಹೊತ್ತು ನೀರಿನ ಸದ್ದು, ನಡುನಡುವೆ ಇಬ್ಬರೂ ಮೊಣಕಾಲಿನ ನೋವಿನ ಸುದ್ದಿ ಮಾತಾಡುವ ಸದ್ದು.

ಆ ರಾತ್ರಿಯ ಅಡುಗೆಗೆ ಜೋಳ ತೆಗೆಯಲು ನರ್ಮದಾ ಕಣಜಕ್ಕೆ ಕೈ ಹಾಕುವುದನ್ನು ನೋಡುತ್ತ ರಾಯರು ಸೋತ ದನಿಯಲ್ಲಿ ಕೇಳಿದರು, “ದುಂಡಪ್ಪಾ, ಎಷ್ಟು ದಿನದಾಗ ಮುಗಸ್ತಿ?”

“ಎಂಟು ದಿನಾ ರೀ ಅಪ್ಪಾರ.”

ಸೀರೆಯ ಮರೆಯಿಂದ ಗಂಗೂಬಾಯಿಯ ತೃಪ್ತ ಸ್ವರ ಬಂತು. “ಏ ದುಂಡಪ್ಪಾ, ಅವಸರಾ ಮಾಡಬ್ಯಾಡೋ ಮಾರಾಯಾ. ನಾ ಎಲ್ಲಿಗೂ ಹೋಗೂದಿಲ್ಲ. ದೀಪಾವಳಿ ಮಟಾ ಸವಕಾಶ ಕಟ್ಟು.”

“ಆತ್ರಿ ಅವ್ವಾರ!” ದುಂಡಪ್ಪನ ಮುಖ ಅರಳಿತು. “ಹಂಗಾರ ಊರಾಗ ಉಳದ ನಾಕು ಮಂದಿ ಪಾವಣ್ಯಾರನ್ನೂ ಕರಸ್ತೇನ್ರಿ.”