ಕೆಂಪು ಕಾರಿನ ಸಸ್ಪೆನ್ಷನ್ನೂ ನನ್ನ ಮರ್ಯಾದೆಯೂ

ಮಾನ ಹೋಗುವ ಪ್ರಸಂಗಗಳು ಕೆಲವರನ್ನು ಹುಡುಕಿಕೊಂಡು ಬರುತ್ತವೆ. ನಾನು ಮಾತ್ರ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡು ಅವನ್ನು ಹುಡುಕಿಕೊಂಡು ಹೋಗುತ್ತೇನೆ.

ತೆಲುಗು ನಾಡಿನ ದಿಲ್‌ಸುಖ್‌ನಗರದ ಅಪಾರ್ಟ್‌ಮೆಂಟಿನಲ್ಲಿ ಮನೆ, ನಾಚಾರಂನ ಪೈಪ್ ಕಾರ್ಖಾನೆಯಲ್ಲಿ ನೌಕರಿ. ನಲವತ್ತು ದಾಟಿದ ಮೇಲೆ ಹಳೆಯದೊಂದು ಕೆಂಪು ಸ್ಪೋರ್ಟ್ಸ್ ಕಾರು ಕೊಂಡೆ. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ಸಣ್ಣ ಗುಂಡಿ ಬಂದರೂ ಪೆಟ್ಟು ನೇರ ಬೆನ್ನಿಗೆ. ಸಸ್ಪೆನ್ಷನ್ ಹೋಗಿದೆ ಎಂದರು ಗ್ಯಾರೇಜಿನವರು. ವಿಡಿಯೋ ನೋಡಿ ನಾನೇ ಮಾಡುತ್ತೇನೆ ಎಂದೆ.

"ಮೊದಲ ಮನ್ಯಾಗಿನ ನಳ ಸೋರಾಕತ್ತೈತಿ, ಅದನ್ನ ನೋಡ್ರಿ," ಎಂದಳು ಹೆಂಡತಿ.

ಮೆರವಣಿಗೆ

ಭಾನುವಾರ ಕಾರು ನಿಲ್ಲಿಸುವ ಸೆಲ್ಲಾರಿನಲ್ಲಿ ಜಾಕ್ ಕೊಟ್ಟು ಮುಂದಿನ ಎರಡೂ ಗಾಲಿ, ಸ್ಪ್ರಿಂಗು ಬಿಚ್ಚಿದೆ. ಬಿಚ್ಚುವುದು ಸಲೀಸು. ಅಷ್ಟರಲ್ಲಿ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗಳು ಬಂಧುಬಳಗದೊಂದಿಗೆ ಮಗಳ ಮದುವೆಗೆ ಹೊರಟು ಕೆಳಗೆ ಬಂದರು. ಅವರ ಕಾರು ನನ್ನ ಕಾರಿನ ಹಿಂದೆ ಸಿಕ್ಕಿಕೊಂಡಿತ್ತು.

"ಐದು ನಿಮಿಷ ಸಾರ್," ಎಂದೆ. ಐದು ನಿಮಿಷದಲ್ಲಿ ಒಂದು ನಟ್ಟು ಕಳೆದುಹೋಯಿತು, ಅಷ್ಟೆ.

ಕೊನೆಗೆ ರೇಷ್ಮೆ ಪಂಚೆ ಉಟ್ಟ ಗಂಡಸರೆಲ್ಲ ಸೇರಿ ಕಾರಿನ ಮೂತಿ ಎತ್ತಿ ಹಿಡಿದು, "ಹೂಂ... ಹೂಂ..." ಎನ್ನುತ್ತ ಪಕ್ಕಕ್ಕೆ ನಡೆಸಿದರು. ಹಿಂದೆ ಜರಿ ಸೀರೆಯ ಹೆಂಗಸರು. ಎಲ್ಲರಿಗಿಂತ ಹಿಂದೆ, ಎರಡು ಕೈಯಲ್ಲಿ ಎರಡು ಗಾಲಿ ಹಿಡಿದು, ಗ್ರೀಸ್ ಮೆತ್ತಿದ ಮುಖದ ನಾನು.

ಗದ್ದಲ ಕೇಳಿ ನೆಲಮಹಡಿಯ ಅಜ್ಜಿ ಹೊರಬಂದು, ಭಕ್ತಿಯಿಂದ ಕೈಮುಗಿದು ತೆಲುಗಿನಲ್ಲಿ ನನ್ನನ್ನೇ ಕೇಳಿದಳು: "ಯಾವ ದೇವರಪ್ಪಾ?"

ವಡೆ

ಸಸ್ಪೆನ್ಷನ್ನಿನ ಕೀಲುಗಳಲ್ಲಿ ಬುಷ್ ಎಂಬ ರಬ್ಬರಿನ ಬಿಲ್ಲೆಗಳಿರುತ್ತವೆ. ಫ್ರೀಜರಿನಲ್ಲಿಟ್ಟರೆ ಸ್ವಲ್ಪ ಕುಗ್ಗಿ ಸುಲಭವಾಗಿ ಕೂಡುತ್ತವೆ ಎಂದಿತ್ತು ವಿಡಿಯೋ. ನಾನು ತಂದವು ಕಂದು ಬಣ್ಣದವು, ದುಂಡಗೆ, ನಡುವೆ ತೂತು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಟಾಣಿಯ ಪಕ್ಕ ಇಟ್ಟೆ.

ಮುಂದಿನ ವಾರ ಬಾಗಲಕೋಟೆಯಿಂದ ಅತ್ತೆ ಮಾವ ಬಂದರು. ಆ ಸಂಜೆ ಕಾರ್ಯದರ್ಶಿಗಳು ಹೆಂಡತಿಯೊಡನೆ ಮದುವೆಯ ಸಿಹಿ ಕೊಡಲು ಬಂದರು. ಮದುವೆ ದಿನದ ತಪ್ಪಿಗೆ ಉಪಚಾರ ಮಾಡಿಯೇ ಕಳಿಸಬೇಕೆಂದು ಹಿಡಿದು ಕೂರಿಸಿಕೊಂಡೆ. ಅಡಿಗೆಮನೆಯಿಂದ ಟೈರು ಸುಟ್ಟ ವಾಸನೆ ಬಂತು.

"ಎಷ್ಟ ಕರದ್ರೂ ಮೆತ್ತಗ ಆಗವಲ್ವು!" ಕರಿಯುವ ಜಾರಿ ಸೌಟು ಹಿಡಿದ ಅತ್ತೆ ಬಾಗಿಲಿಗೆ ಬಂದರು. "ಈ ವಡಿ ಯಾವ ಅಂಗಡ್ಯಾಗ ತಂದ್ರಿ ಅಳಿಯಂದ್ರ? ಭಾಳ ಮೋಸ ಮಾಡ್ಯಾನ."

"ಬಿಡಿಭಾಗದ ಅಂಗಡ್ಯಾಗ್ರಿ," ಎಂದೆ ತಲೆ ತಗ್ಗಿಸಿ.

ಕಾರ್ಯದರ್ಶಿಗಳು ಕೈಯಲ್ಲಿದ್ದ ಚಟ್ನಿಯ ಬಟ್ಟಲನ್ನು ಸದ್ದಿಲ್ಲದೆ ಕೆಳಗಿಟ್ಟರು.

ಮಾವ

ಹೇಗೋ ಎಲ್ಲ ಜೋಡಿಸಿ ಮುಗಿಸಿದೆ. ಆದರೆ ಪ್ರತಿ ಸ್ಪೀಡ್ ಬ್ರೇಕರಿಗೂ ಹಿಂದಿನಿಂದ 'ಟಕ್' ಎಂಬ ಸಪ್ಪಳ. ಮತ್ತೆ ಎಲ್ಲ ಬಿಚ್ಚಬೇಕೇನೋ ಎಂದು ನನಗೆ ಅಳುವೇ ಬಂತು.

ಮಾವ ನಿವೃತ್ತ ಹೆಡ್‌ಮಾಸ್ಟರ್. "ಮುಂದ ಕುಂತ್ರ ತಿಳಿಯೂದಿಲ್ಲ ಅಳಿಯಂದ್ರ. ನಾ ಡಿಕ್ಕಿಯೊಳಗ ಮಲಗತೀನಿ, ನೀವು ಓಡಸ್ರಿ," ಎಂದರು. ಬೇಡವೆಂದರೂ ಕೇಳಲಿಲ್ಲ. ಗಾಳಿಯಾಡಲೆಂದು ಮುಚ್ಚಳವನ್ನು ಅರ್ಧ ತೆರೆದು ಹಗ್ಗ ಕಟ್ಟಿದೆ.

ಸರ್ಕಲ್ಲಿನಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು. ಡಿಕ್ಕಿಯಿಂದ ಧೋತರದ ಚುಂಗು ಹೊರಗೆ ಹಾರಾಡುತ್ತಿತ್ತು. ಒಬ್ಬ ಹಗ್ಗ ಬಿಚ್ಚಿ ಮುಚ್ಚಳ ಎತ್ತಿದ. ಮುದುಡಿ ಮಲಗಿದ್ದ ಮಾವ ತುಟಿಗೆ ಬೆರಳಿಟ್ಟರು:

"ಶ್... ಸುಮ್ನಿರ್ರಿ. ಸಪ್ಪಳ ಕೇಳಾಕತ್ತೀನಿ."

ಪೊಲೀಸರು ಸೀಟಿ ಊದಿದರು. ಜನ ಸೇರಿದರು. "ಯಾರೀ ಮುದುಕ?" ಎಂದು ಪೊಲೀಸನೊಬ್ಬ ಹಿಂದಿಯಲ್ಲಿ ಗದರಿದ.

"ನಮ್ಮ ಮಾವ, ಸಾರ್."

"ಎಲ್ಲಿಗೆ ಸಾಗಿಸ್ತಿದ್ದೀಯ?"

"ಎಲ್ಲಿಗೂ ಇಲ್ಲ ಸಾರ್... ಸ್ಪೀಡ್ ಬ್ರೇಕರ್ ಮೇಲೆ ಹಾರಿಸ್ತಿದ್ದೆ."

ಜನರ ಕೈಯ ಮೊಬೈಲುಗಳೆಲ್ಲ ನನ್ನತ್ತ ತಿರುಗಿದವು. ಎಲ್ಲಿ ನೋಡಬೇಕೆಂದು ತಿಳಿಯದೆ ಚಪ್ಪಲಿ ನೋಡುತ್ತ ನಿಂತೆ. ಅಷ್ಟರಲ್ಲಿ ಮಾವ ಸ್ಟೆಪ್ನಿಯ ಸಂದಿಯಿಂದ ಒಂದು ಪಾನಾ ಎಳೆದು ಮೇಲೆತ್ತಿದರು. "ಸಿಕ್ತು! ಇದನ್ನ ಇಲ್ಲೇ ಮರ್ತೀರಿ. ನಿಮ್ಮ ಕೆಲಸ ಭೇಷ್ ಐತಿ!"

ಜನ ಚಪ್ಪಾಳೆ ತಟ್ಟಿದರು. ಪೊಲೀಸರು ನನಗೆ ಚೆನ್ನಾಗಿ ಬೈದು, ಮಾವನನ್ನು ಮುಂದಿನ ಸೀಟಿಗೆ ಕೂರಿಸಿದರು. ಇನ್ನೇನು ಹೊರಡಬೇಕು, ಹಿರಿಯ ಪೊಲೀಸಪ್ಪ ಕಿಟಕಿಗೆ ಬಗ್ಗಿ, ನನ್ನ ಕಡೆ ನೋಡದೆ, ಮಾವನಿಗೆ ಮೆಲ್ಲಗೆ ಹೇಳಿದ:

"ಯಜಮಾನ್ರೇ, ನಮ್ಮ ಜೀಪಿನಲ್ಲೂ ಒಂದು ಸಪ್ಪಳ ಬರ್ತದೆ. ಒಂದು ರೌಂಡು ಹಿಂದೆ ಮಲಗ್ತೀರಾ?"

ನಾನು ಬಾಯಿ ತೆರೆಯುವುದರೊಳಗೆ ಮಾವ ಧೋತರ ಎತ್ತಿ ಕಟ್ಟಿ ಇಳಿದಾಗಿತ್ತು.