ಹುಟ್ಟುವ ಎಂಟು ದಿನ ಮೊದಲೇ ನಾಮಕರಣ

ಒಂದೇ ಸಂಗತಿಗೆ ಎರಡು ಕಾಗದಗಳಲ್ಲಿ ಎರಡು ತಾರೀಖು ಕಂಡರೆ ನನಗೆ ಊಟ ಸೇರುವುದಿಲ್ಲ. ಇದು ದೊಡ್ಡ ಸದ್ಗುಣವೆಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ತಪ್ಪು ಪೂರ್ತಿ ನನ್ನದಲ್ಲ, ಅರ್ಧ ನನ್ನ ಕೆಲಸದ್ದು. ಡೆಸ್ ಪ್ಲೇನ್ಸ್‌ನಲ್ಲಿ ವಿಮಾನ ನಿಲ್ದಾಣದ ಬೇಲಿಗೆ ಅಂಟಿಕೊಂಡಂತಿರುವ ಸರಕು ಸಾಗಣೆಯ ಆಫೀಸೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ನಾನು ಮಾಡುತ್ತಿರುವುದು ಇಷ್ಟೇ: ಪೆಟ್ಟಿಗೆಗಳ ಜೊತೆ ಬಂದ ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ಹೆಸರು, ತೂಕ, ತಾರೀಖು ತಾಳೆ ನೋಡುವುದು. ತಾಳೆಯಾಗದಿದ್ದರೆ ಪೆಟ್ಟಿಗೆ ಅಲುಗುವುದಿಲ್ಲ. ಒಳಗೆ ಆಸ್ಪತ್ರೆಯ ಯಂತ್ರವಿರಲಿ, ಯಾರದೋ ಮದುವೆಯ ಸೀರೆಯಿರಲಿ, ನನಗೆ ಎರಡೂ ಒಂದೇ. ಈ ಚಟ ಮನೆಗೂ ಬಂದು ಸೇರಿತು. ಮೊಸರಿನ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ತಾರೀಖು ಓದುವ ನನ್ನನ್ನು ನೋಡಿ ನಮ್ಮನೆಯವರು, ಅವರು ಹುಬ್ಬಳ್ಳಿ ಕಡೆಯವರು, "ಕೆಟ್ಟೈತೋ ಇಲ್ಲೋ ಮೂಗ ಹೇಳತೈತಿ, ಅದರ ಜಾತಕ ಯಾಕ ನೋಡ್ತಿ?" ಅನ್ನುತ್ತಾರೆ. ನಾನು ಮೈಸೂರಿನವಳು, ಮೂಗನ್ನು ನಂಬುವವಳಲ್ಲ.

ಮಗಳು ಮೇಘನಾ ಇರುವುದು ಡೆಟ್ರಾಯಿಟ್ ಪಕ್ಕದ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ. ಅಳಿಯ ಅಲ್ಲಿಯ ಹುಡುಗ, ಒಳ್ಳೆಯವನು, ಬಿಸಿಬೇಳೆಬಾತಿಗೆ ಕೆಚಪ್ ಹಾಕಿಕೊಳ್ಳುವುದೊಂದನ್ನು ಬಿಟ್ಟರೆ ದೋಷವಿಲ್ಲ. ತಿಂಗಳಿಗೊಮ್ಮೆ ನಾವಿಬ್ಬರು ಐದು ಗಂಟೆ ಡ್ರೈವ್ ಮಾಡಿಕೊಂಡು ಹೋಗುತ್ತೇವೆ. ಹೋದಾಗಲೆಲ್ಲ ಭಾನುವಾರದ ಮಧ್ಯಾಹ್ನದ ಊಟ ಸ್ಟರ್ಲಿಂಗ್ ಹೈಟ್ಸ್‌ನಲ್ಲಿರುವ ಅಳಿಯನ ಅಜ್ಜಿ ಮಾರ್ಗರೆಟ್ ಮನೆಯಲ್ಲಿ. ವಯಸ್ಸು ಎಂಬತ್ತೆಂಟು, ಕಾರಿನ ಸೀಟು ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ಕೈ. "ನನ್ನನ್ನ ಮಾರ್ಗರೆಟ್ ಅಂತಲೇ ಕರಿ" ಎಂದು ಮೊದಲ ದಿನವೇ ಹೇಳಿದ್ದರು. ಅಷ್ಟು ಹಿರಿಯರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಹೊರಳದೆ, ಒಂದು ವರ್ಷ ಅವರನ್ನು ಏನೂ ಕರೆಯದೆ, ಎದುರಿಗೆ ಹೋಗಿ ನಿಂತು ಅವರು ನನ್ನ ಕಡೆ ನೋಡುವವರೆಗೆ ಕಾದು ಮಾತಾಡಿದೆ. ಕೊನೆಗೆ ಆಂಟಿ ಅನ್ನುವುದರಲ್ಲಿ ರಾಜಿಯಾಯಿತು. ಅವರ ತಮ್ಮ ರೇ, ಎಂಬತ್ತೈದು, ಎರಡು ಮೈಲಿ ಆಚೆ ಇರುವವರು, ಅಂಕಲ್ ಆದರು. ಇವರಿಬ್ಬರೂ ಮಾತಾಡುವುದು ಇಂಗ್ಲಿಷಿನಲ್ಲೇ. ಆದರೆ ನನಗೆ ಜನರ ಮಾತು ನೆನಪಿನಲ್ಲಿ ಉಳಿಯುವುದು ಕನ್ನಡದಲ್ಲಿ, ಹಾಗೆಯೇ ಹೇಳುತ್ತೇನೆ.

ಅಕ್ಕ ತಮ್ಮನ ನಡುವೆ ಒಂದು ಜಗಳವಿತ್ತು. ಇಬ್ಬರ ಅಪ್ಪ ವಾಲ್ಟರ್, ಉತ್ತರ ಇಂಗ್ಲೆಂಡಿನ ಹತ್ತಿ ಗಿರಣಿಯ ಊರೊಂದರಿಂದ ಎಳೆ ವಯಸ್ಸಿನಲ್ಲಿ ಹಡಗು ಹತ್ತಿ ಬಂದು ಇಲ್ಲಿಯ ಕಾರು ಕಾರ್ಖಾನೆ ಸೇರಿದವರು. ಅವರು ತೀರಿಕೊಂಡು ನಲವತ್ತು ವರ್ಷವಾಗಿತ್ತು. ಅವರ ಗೋರಿಕಲ್ಲಿನ ಮೇಲೆ ಹೆಸರಿತ್ತು, ಸತ್ತ ತಾರೀಖಿತ್ತು, ಹುಟ್ಟಿದ ತಾರೀಖಿನ ಜಾಗ ಮಾತ್ರ ಖಾಲಿ. ಅಕ್ಕನ ಪ್ರಕಾರ ಅಪ್ಪ ಹುಟ್ಟಿದ್ದು ಮಾರ್ಚ್ ಒಂಬತ್ತು, ತಮ್ಮನ ಪ್ರಕಾರ ಏಪ್ರಿಲ್ ಎರಡು. ಕೆತ್ತುವವನು ಇಬ್ಬರ ಸಹಿ ಕೇಳುತ್ತಿದ್ದ, ಇಬ್ಬರೂ ಒಂದೇ ತಾರೀಖಿಗೆ ಸಹಿ ಹಾಕುತ್ತಿರಲಿಲ್ಲ. ಹೀಗಾಗಿ ಮನೆಯವರೆಲ್ಲ ವರ್ಷಕ್ಕೆರಡು ಸಲ, ಮಾರ್ಚಿನಲ್ಲಿ ಅಕ್ಕನ ಮನೆಯಲ್ಲಿ, ಏಪ್ರಿಲಿನಲ್ಲಿ ತಮ್ಮನ ಮನೆಯಲ್ಲಿ, ತೀರಿಹೋದ ವಾಲ್ಟರ್ ಅವರ ಹುಟ್ಟುಹಬ್ಬದ ಕೇಕು ತಿನ್ನುತ್ತಿದ್ದರು. "ನಾನೂ ಅಪ್ಪನ ಪಕ್ಕ ಹೋಗಿ ಮಲಗೋ ಕಾಲ ಬಂತು. ಆ ಖಾಲಿ ಜಾಗ ನೋಡ್ಕೊಂಡು ಮಲಗಕ್ಕೆ ನಂಗಿಷ್ಟ ಇಲ್ಲ" ಎಂದು ಮಾರ್ಗರೆಟ್ ಆಂಟಿ ಒಂದು ಭಾನುವಾರ ಹೇಳಿದರು. ಎರಡು ತಾರೀಖು ಎಂಬುದು ಕಿವಿಗೆ ಬಿದ್ದ ಮೇಲೆ ನಾನು ಸುಮ್ಮನಿರುವುದುಂಟೇ? ನಾನು ನೋಡ್ತೀನಿ ಬಿಡಿ ಎಂದೆ. ಮೇಜಿನ ಕೆಳಗೆ ಮೇಘನಾ ನನ್ನ ಕಾಲು ತುಳಿದಳು.

ಆಂಟಿಯ ಬಳಿ ಇದ್ದ ಆಧಾರ ಚರ್ಚಿನವರು ಬರೆದುಕೊಟ್ಟಿದ್ದ ಒಂದು ಚೀಟಿ. ಜಾರ್ಜ್ ಮತ್ತು ಹ್ಯಾನಾ ಎಂಬ ದಂಪತಿಗೆ ಮಾರ್ಚ್ ಒಂಬತ್ತರಂದು ಹುಟ್ಟಿದ ಮಗ ವಾಲ್ಟರ್‌ಗೆ ಮಾರ್ಚ್ ಇಪ್ಪತ್ತೈದರಂದು ದೀಕ್ಷಾಸ್ನಾನ ಮಾಡಿಸಿ ಹೆಸರಿಟ್ಟದ್ದು ಅದರಲ್ಲಿತ್ತು. ಅಂಕಲ್ ಬಳಿ ಇಂಗ್ಲೆಂಡಿನ ಸರ್ಕಾರದ ಜನನ ಪತ್ರವಿತ್ತಂತೆ. ತೋರಿಸಿ ಎಂದರೆ ಒಂದು ಸಲ ಬ್ಯಾಂಕಿನಲ್ಲಿದೆ, ಇನ್ನೊಂದು ಸಲ ಎಲ್ಲೋ ಇಟ್ಟಿದ್ದೇನೆ. ಹತ್ತೊಂಬತ್ತು ವರ್ಷದಲ್ಲಿ ಇಂಥ ಉತ್ತರ ಕೊಟ್ಟವರನ್ನು ನಾನು ಬಹಳ ಕಂಡಿದ್ದೇನೆ. ಮುಂದಿನ ತಿಂಗಳ ಊಟದಲ್ಲಿ, ಎಲ್ಲರೂ ಇರುವಾಗ, ಆಪಲ್ ಪೈ ಬರುವ ಮೊದಲು, ನಾನು ನನ್ನ ತೀರ್ಪನ್ನು ಓದಿದೆ. "ಅಂಕಲ್, ಏಪ್ರಿಲ್ ಎರಡಕ್ಕೆ ಹುಟ್ಟಿದ ಮಗುವಿಗೆ ಮಾರ್ಚ್ ಇಪ್ಪತ್ತೈದಕ್ಕೆ ಹೇಗೆ ಹೆಸರಿಡ್ತಾರೆ? ಹುಟ್ಟುವ ಎಂಟು ದಿನ ಮೊದಲು? ನಿಮ್ಮ ಕಾಗದದಲ್ಲಿರೋದು ಬೇರೆ ಯಾರೋ ವಾಲ್ಟರ್. ನಿಮ್ಮ ತಂದೆ ಅಲ್ಲ."

ಎಲ್ಲರೂ ನಗುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ರೇ ಅಂಕಲ್ ಕರವಸ್ತ್ರ ಮಡಿಸಿ ತಟ್ಟೆಯ ಪಕ್ಕ ಇಟ್ಟರು. "ಆ ಕಾಗದ ನಮ್ಮಪ್ಪಂದೇ" ಎಂದು ಮೆಲ್ಲಗೆ ಹೇಳಿ, ಕೋಟು ತೆಗೆದುಕೊಂಡು ಹೊರಟುಹೋದರು. ಪೈ ಬಂತು, ಯಾರೂ ತಿನ್ನಲಿಲ್ಲ. ಅಡುಗೆಮನೆಯಲ್ಲಿ ಮೇಘನಾ, "ಅಮ್ಮಾ, ದಿಸ್ ಇಸ್ ನಾಟ್ ಯುವರ್ ಆಫೀಸ್" ಎಂದಳು. ವಾಪಸು ಬರುವಾಗ ಮಿಷಿಗನ್ ದಾಟುವವರೆಗೆ ನಮ್ಮನೆಯವರು ರೇಡಿಯೋ ಕೇಳಿದರು. ಆಮೇಲೆ ಹೇಳಿದರು: "ಎಂಬತ್ತೈದು ವರ್ಷದ ಮುದುಕಗ ನಿಮ್ಮಪ್ಪ ನಿಮ್ಮಪ್ಪ ಅಲ್ಲ ಅಂದಿ. ಬೀಗರ ಮನ್ಯಾಗ. ಊಟಕ್ಕ ಕುಂತಾಗ." ಆದರೂ ನಾನು ಹೇಳಿದ್ದು ಸರಿ ಎಂದು ಸಾಬೀತಾದರೆ ಎಲ್ಲ ಸರಿಹೋಗುತ್ತದೆ ಎಂಬ ಆಸೆ ಒಳಗೆ ಇದ್ದೇ ಇತ್ತು. ನನ್ನಂಥವರಿಗೆ ಅದು ಎಲ್ಲಕ್ಕಿಂತ ಕೊನೆಗೆ ವಾಸಿಯಾಗುವ ರೋಗ.

ಇಂಗ್ಲೆಂಡಿನಲ್ಲಿ ಹಳೆಯ ಜನನ ಪತ್ರದ ನಕಲು ಬೇಕಾದರೆ ಯಾರು ಬೇಕಾದರೂ ಕಂಪ್ಯೂಟರಿನಲ್ಲೇ ಅಪ್ಲೈ ಮಾಡಬಹುದು. ಮಾಡಿದೆ. ಕೆಲವು ದಿನಗಳ ಮೇಲೆ, ಆಫೀಸಿನಲ್ಲಿ ಚಿತ್ರಾನ್ನದ ಡಬ್ಬಿ ತೆರೆದು ಕುಳಿತಾಗ ಅದು ಬಂತು. ಒಂದೊಂದೇ ಕಾಲಂ ಓದಿದೆ. ಹೆಸರು ವಾಲ್ಟರ್. ಹುಟ್ಟಿದ್ದು ಏಪ್ರಿಲ್ ಎರಡು. ತಂದೆಯ ಹೆಸರಿನ ಜಾಗದಲ್ಲಿ ಒಂದು ಗೆರೆ. ತಾಯಿ ಎಲೆನ್, ಮನೆಗೆಲಸದವಳು. ನೋಡಿದಿರಾ, ಬೇರೆಯೇ ವಾಲ್ಟರ್ ಎಂದು ಖುಷಿಯಾಗುವಷ್ಟರಲ್ಲಿ ಕಣ್ಣು ಕೊನೆಯ ಕಾಲಮ್ಮಿಗೆ ಹೋಯಿತು. ಕಚೇರಿಗೆ ಹೋಗಿ ಈ ವಿವರ ಬರೆಸಿದವರು ಯಾರು ಎಂಬ ಕಾಲಂ ಅದು. ಅಲ್ಲಿ ಬರೆದಿತ್ತು: ಹ್ಯಾನಾ, ಮಗುವಿನ ಅಜ್ಜಿ, ಹೆರಿಗೆಯ ಹೊತ್ತಿಗೆ ಜೊತೆಗಿದ್ದವಳು. ಬರೆಸಿದ ದಿನ, ಮೇ ಹತ್ತು.

ಚಿತ್ರಾನ್ನದ ಡಬ್ಬಿ ಮುಚ್ಚಿಟ್ಟೆ. ಚರ್ಚಿನ ಚೀಟಿಯಲ್ಲಿ ತಾಯಿಯಾಗಿದ್ದ ಹ್ಯಾನಾ ಸರ್ಕಾರದ ಕಾಗದದಲ್ಲಿ ಅಜ್ಜಿ. ವಾಲ್ಟರ್ ಇಬ್ಬರಲ್ಲ, ಒಬ್ಬರೇ. ಮದುವೆಯಾಗದ ಮಗಳ ಮಗುವನ್ನು ಹ್ಯಾನಾ ತನ್ನ ಮಗುವೆಂದು ಊರಿಗೆ ತೋರಿಸಿ ಸಾಕಿದ್ದಳು. ಚರ್ಚಿನಲ್ಲಿ ದೇವರ ಮುಂದೆ ಸುಳ್ಳು ಹೇಳಿದವಳು ಗುಮಾಸ್ತನ ಮುಂದೆ ನಿಜ ಹೇಳಿದ್ದಳು. ನಮ್ಮ ಕಡೆ ಸಾಮಾನ್ಯವಾಗಿ ಇದು ಉಲ್ಟಾ. ಗುಮಾಸ್ತನಿಗೆ ಹೇಳಿದ್ದೂ ಪೂರ್ತಿ ನಿಜವಲ್ಲ, ಏಕೆಂದರೆ ತಾರೀಖು ಬದಲಾಗಿತ್ತು. ಆ ಕಾಲದಲ್ಲಿ ಮಗು ಹುಟ್ಟಿದ ಆರು ವಾರದೊಳಗೆ ಬರೆಸದಿದ್ದರೆ ದಂಡವಂತೆ. ಏನು ಬರೆಸುವುದು, ಯಾರ ಹೆಸರು ಹೇಳುವುದು ಎಂದು ಆ ಮನೆಯವರು ಎರಡು ತಿಂಗಳು ಒದ್ದಾಡಿರಬೇಕು. ಕೊನೆಗೆ ಹ್ಯಾನಾ ಹೋದಾಗ ಗಡುವು ಮೀರಿತ್ತು. ಮಗುವನ್ನು ಮೂರು ವಾರ ಚಿಕ್ಕದು ಮಾಡಿ ದಂಡ ತಪ್ಪಿಸಿಕೊಂಡು ಬಂದಳು. ಅಕ್ಕನ ಮಾರ್ಚೂ ಸರಿ, ತಮ್ಮನ ಕಾಗದವೂ ಸರಿ. ತಪ್ಪಿದ್ದವಳು ನಾನೊಬ್ಬಳೇ.

ರೇ ಅಂಕಲ್‌ಗೆ ಫೋನ್ ಮಾಡಿ ಮೊದಲು ಕ್ಷಮೆ ಕೇಳಿದೆ. ಆಮೇಲೆ ನಕಲು ತರಿಸಿದ್ದನ್ನು ಹೇಳಿದೆ.

"ಹಾಗಾದ್ರೆ ಆ ಗೆರೆ ನೋಡಿದ್ದೀಯ."

"ನೋಡಿದೆ ಅಂಕಲ್."

"ನಾನು ಸೈನ್ಯಕ್ಕೆ ಸೇರೋಕೆ ಮುಂಚೆ ಅಪ್ಪ ನಂಗೊಬ್ಬನಿಗೆ ತೋರಿಸಿದ್ದ. ಮಾರ್ಗ್‌ಗೆ ಹೇಳಬೇಡ ಅಂದ. ಅವಳ ಪೂರ್ತಿ ಹೆಸರು ಮಾರ್ಗರೆಟ್ ಹ್ಯಾನಾ, ಅಜ್ಜಿ ಹೆಸರು ಅಂತ ಅವಳಿಗೆ ಬಹಳ ಹೆಮ್ಮೆ. ಆದ್ರೆ ಕಲ್ಲಿನ ಮೇಲೆ ಈ ಕಾಗದದ ತಾರೀಖೇ ಹಾಕ್ಸು ಅಂದ. ನನ್ನ ಹೆತ್ತಮ್ಮನ ಹೆಸರಿರೋ ಕಾಗದ ಇದೊಂದೇ ಅಂದ. ನಾನೇನು ಮಾಡಲಿ, ಹೇಳು?"

ನಲವತ್ತು ವರ್ಷ ಅಕ್ಕನ ಕಣ್ಣಲ್ಲಿ ಹಟಮಾರಿಯಾಗಿ, ನನ್ನ ಕಣ್ಣಲ್ಲಿ ಸುಳ್ಳನಾಗಿ ಈ ಮನುಷ್ಯ ಸುಮ್ಮನಿದ್ದರು. ಕಾಗದ ಹರಿದುಹಾಕಿಬಿಡಲಾ ಎಂದು ಕೇಳಿದೆ. ಹತ್ತೊಂಬತ್ತು ವರ್ಷದಲ್ಲಿ ನಾನು ಕಾಗದ ಹರಿಯುವ ಮಾತಾಡಿದ್ದು ಅದೇ ಮೊದಲು. ಅಂಕಲ್ ಯೋಚಿಸಿ, "ಬೇಡ. ನನಗೂ ಎಂಬತ್ತೈದು. ಇನ್ನು ನಾನು ಹೊರಲಾರೆ. ನೀನು ಬಂದಾಗ ಹೋಗೋಣ, ನಾನೇ ಹೇಳ್ತೀನಿ, ನೀನು ಪಕ್ಕದಲ್ಲಿರು ಸಾಕು" ಎಂದರು.

ಹೋದೆವು. ಆಂಟಿ ಅಡುಗೆಮನೆಯ ಮೇಜಿನ ಬಳಿ ಕುಳಿತು ಯಾರದೋ ಪ್ಯಾಂಟಿನ ಅಂಚು ಹೊಲಿಯುತ್ತಿದ್ದರು. ಅಂಕಲ್ ಕಾಗದವನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ನಾಲ್ಕು ಮಾತಿನಲ್ಲಿ ಹೇಳಿದರು. ಆಂಟಿ ಕನ್ನಡಕ ಬದಲಿಸಿಕೊಂಡು ಪ್ರತಿ ಕಾಲಮ್ಮನ್ನೂ ಓದಿದರು.

"ಎಲೆನ್ ಅಂದ್ರೆ ನೆಲ್ಲಿ ಅತ್ತೆ."

ಇಂಗ್ಲೆಂಡಿನಲ್ಲಿ ಎಲೆನ್‌ಗಳನ್ನು ಮುದ್ದಾಗಿ ನೆಲ್ಲಿ ಎನ್ನುತ್ತಾರೆಂದು ನನಗೆ ತಿಳಿದದ್ದು ಆಗಲೇ. ನೆಲ್ಲಿಕಾಯಿಯ ನೆಲ್ಲಿಯೇ ಕಣ್ಣಮುಂದೆ ಬಂದು, ಆ ಹೊತ್ತಿನಲ್ಲೂ ಬರುತ್ತಿದ್ದ ನಗುವನ್ನು ಕೆಮ್ಮಿ ಅಡಗಿಸಿದೆ.

ಆಂಟಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. "ಅವಳು ಒಂದೇ ಸಲ ಬಂದಿದ್ಲು. ನಂಗೆ ಹೊಸದಾಗಿ ಮದುವೆಯಾಗಿತ್ತು. ಅಮ್ಮ ಹೋಗಿದ್ಲು, ಅಪ್ಪ ನನ್ನ ಜೊತೆಗೇ ಇದ್ದ. ಚಿಕ್ಕ ಮನೆ. ಅತ್ತೆ ತಾನೆ ಅಂತ ಅವಳಿಗೆ ಹಾಲ್‌ನಲ್ಲಿ ಸೋಫಾ ಮೇಲೆ ಹಾಸಿಕೊಟ್ಟೆ. ಎಪ್ಪತ್ತು ದಾಟಿದವಳು. ಹಡಗಲ್ಲಿ ಬಂದವಳು. ಅಜ್ಜಿ ಅಂತ ಗೊತ್ತಿದ್ರೆ ಮಂಚ ಬಿಟ್ಟುಕೊಡ್ತಿದ್ದೆ. ಮೂರು ವಾರ, ರೇ. ಮೂರು ವಾರ ಅಪ್ಪನ ಅಮ್ಮನ್ನ ಸೋಫಾ ಮೇಲೆ ಮಲಗಿಸಿದೆ."

"ಒಂದೇ ರಾತ್ರಿ, ಮಾರ್ಗ್" ಎಂದರು ಅಂಕಲ್. "ಮಾರನೇ ದಿನ ಅಪ್ಪ ತನ್ನ ರೂಮು ಬಿಟ್ಟುಕೊಟ್ಟ. ಮಲಗಿಕೊಂಡೇ ಬೇಸ್‌ಬಾಲ್ ನೋಡಬೇಕು, ಸೋಫಾನೇ ವಾಸಿ ಅಂದ. ಸ್ಪ್ರಿಂಗ್ ಮುರೀತು ಅಂತ ನೀನು ಅವನನ್ನ ಎಷ್ಟು ಬೈದೆ, ನೆನಪಿಲ್ವಾ?"

ಆಂಟಿ ನೆನಪು ಮಾಡಿಕೊಂಡರು. ಅಳುತ್ತಲೇ ನಕ್ಕರು, ಅಥವಾ ನಗುತ್ತಲೇ ಅತ್ತರು. "ಅಪ್ಪನಿಗೆ ಬೇಸ್‌ಬಾಲ್ ಅಂದ್ರೆ ಆಗ್ತಿರಲಿಲ್ಲ" ಎಂದರು.

ಇಲ್ಲಿಗೆ ಎಲ್ಲ ಸುಖವಾಯಿತೆಂದು ನಾನು ಎದ್ದು ಕಾಫಿಗಿಟ್ಟೆ. ಕಾಫಿ ಇಳಿಯುವಷ್ಟರಲ್ಲಿ ಇಬ್ಬರೂ ಮತ್ತೆ ಜಗಳಕ್ಕೆ ನಿಂತಿದ್ದರು. ಈಗ ಆಂಟಿ, ಅಪ್ಪ ಕೇಳಿದ್ದು ಏಪ್ರಿಲ್ ಎರಡು, ಅದನ್ನೇ ಕೆತ್ತಿಸಬೇಕು ಎನ್ನುತ್ತಿದ್ದರು. ಅಂಕಲ್, ಛೆ, ಆಕೆ ನಿಜವಾಗಿ ಹೆತ್ತದ್ದು ಮಾರ್ಚ್ ಒಂಬತ್ತಕ್ಕೆ, ನೋವು ತಿಂದ ದಿನವೇ ದಿನ ಎನ್ನುತ್ತಿದ್ದರು. ನಲವತ್ತು ವರ್ಷದ ವಾದವನ್ನು ಪರಸ್ಪರ ಬದಲಾಯಿಸಿಕೊಂಡು ಅಷ್ಟೇ ಹುರುಪಿನಿಂದ ಮಾಡುತ್ತಿದ್ದರು. ಎರಡು ಲೋಟ ಕಾಫಿಯಾದ ಮೇಲೆ ಆಂಟಿಯೇ ದಾರಿ ಕಂಡರು. "ತಾರೀಖು ನನ್ನದು ಹಾಕ್ಸೋಣ. ಕೆಳಗೆ ನಿನ್ನ ಕಾಗದದಲ್ಲಿರೋ ಹೆಸರು." ಹಾಗೆಯೇ ಆಯಿತು. ಈಗ ಆ ಕಲ್ಲಿನಲ್ಲಿ ಮಾರ್ಚ್ ಒಂಬತ್ತು ಇದೆ, ಅದರ ಕೆಳಗೆ, ಎಲೆನ್‌ಳ ಮಗ ಎಂದಿದೆ. ಇಬ್ಬರೂ ಸಹಿ ಹಾಕುವಾಗ ಸಾಕ್ಷಿಯ ಜಾಗದಲ್ಲಿ ನನ್ನ ಸಹಿಯನ್ನೂ ಹಾಕಿಸಿಕೊಂಡರು.

ಅಲ್ಲಿಗೇ ಬಿಡಬಹುದಿತ್ತು. ಆದರೆ ಈ ಹುಡುಕಾಟದ ರುಚಿ ಮಾರ್ಗರೆಟ್ ಆಂಟಿಗೆ ಹತ್ತಿಬಿಟ್ಟಿತು. ಅವರ ಪೈಕಿಯವರ ವಂಶಾವಳಿಯನ್ನೆಲ್ಲ ಬರೆದು ಮುಗಿಸಿದ ಮೇಲೆ ನನ್ನ ಕಡೆ ತಿರುಗಿದರು. "ನಿನ್ನ ಕಡೆಯವರನ್ನ ಹೇಳು, ಬರ್ಕೊಳ್ತೀನಿ." ನಾನು ಗತ್ತಿನಿಂದ ಶುರುಮಾಡಿದೆ. ಅಪ್ಪ, ಅಜ್ಜ, ಮುತ್ತಜ್ಜ, ಗೋತ್ರ, ಸೂತ್ರ. ಅಮ್ಮನ ಅಮ್ಮ? ಪುಟ್ಟಮ್ಮ ಎಂದೆ. ಹಾಗಂದರೇನು ಎಂದು ಕೇಳಿದರು. ಚಿಕ್ಕ ಅಮ್ಮ ಎಂದು ಅನುವಾದಿಸುವಾಗಲೇ ನನಗೆ ಅನುಮಾನ ಬಂತು. "ಅದು ಮುದ್ದಿನ ಹೆಸರಲ್ವಾ? ನಿಜವಾದ ಹೆಸರು?" ಎಂದರು ಆಂಟಿ, ಪೆನ್ಸಿಲ್ ಹಿಡಿದು.

ಮೈಸೂರಿನಲ್ಲಿರುವ ನನ್ನ ಸೋದರಮಾವನಿಗೆ ಫೋನ್ ಮಾಡಿದೆ. ಪುಟ್ಟಮ್ಮನ ಸ್ವಂತ ಮಗ ಅವರು. "ಪುಟ್ಟಮ್ಮ ಅಂದ್ರೆ ಪುಟ್ಟಮ್ಮ ಕಣೇ. ರೇಷನ್ ಕಾರ್ಡಲ್ಲಿ ಲಕ್ಷ್ಮಮ್ಮ ಅಂತಿತ್ತು, ಓಟಿನ ಪಟ್ಟೀಲಿ ಲಲಿತಮ್ಮ ಅಂತಿತ್ತು. ಯಾವುದು ಕೂಗಿದ್ರೂ ಬರ್ತಿದ್ಲು."

"ಹುಟ್ಟಿದ್ದು ಯಾವತ್ತು ಮಾವ?"

"ಅವಳು ಹುಟ್ಟಿದಾಗ ನಾನೆಲ್ಲಿದ್ದೆ?" ಎಂದು ಫೋನಿಟ್ಟರು.

ಭಾನುವಾರ ಆಂಟಿಗೆ ಇದನ್ನೇ ಹೇಳಬೇಕಾಯಿತು. ಲಕ್ಷ್ಮಮ್ಮ ಸರಿಯೋ ಲಲಿತಮ್ಮ ಸರಿಯೋ ಎಂದರು. ಎರಡೂ ಸರಿ ಎಂದೆ. ಪಕ್ಕದಲ್ಲಿ ಕುಳಿತಿದ್ದ ನಮ್ಮನೆಯವರು ತಟ್ಟೆಯಿಂದ ತಲೆಯೆತ್ತಿ ನನ್ನನ್ನು ನೋಡಿ, ಕನ್ನಡದಲ್ಲಿ, "ಈ ಮಾತ ನಿಮ್ಮ ಆಫೀಸಿನ್ಯಾಗ ಆಡಬ್ಯಾಡ, ಕೆಲಸದಿಂದ ತಗದಾರು" ಎಂದರು. ಎದುರಿಗಿದ್ದ ರೇ ಅಂಕಲ್ ಪೈ ಇದ್ದ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ತಳ್ಳಿದರು.